ರೂಪವೂ ಎಡೆಯೂ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನಲ್ಲಿ ಚಿಕ್ಕೇರೂರು ಎಂಬ ಊರಿದೆ. ಹಿರೇಕೆರೂರು, ಚಿಕ್ಕೇರೂರು ಎಂಬ ಈ ಎರಡು ಹೆಸರುಗಳನ್ನು ಜೊತೆಯಾಗಿ ನುಡಿದಾಗ ಹಿರಿದು, ಕಿರಿದು ಎಂಬ ಅಳತೆಯ ಮಾತು ಕಿವಿಗೆ ಬೀಳುತ್ತದೆ. ಊರಿನ ಹೆಸರಿನಲ್ಲಿಯೇ ಅಳತೆಯನ್ನು ಇಟ್ಟುಕೊಂಡ ಜನರು ತಮ್ಮ ಕೊಡ, ಕೂರಿಗೆ, ರಂಗೋಲಿ, ಕಸೂತಿ, ಗುಡಿಗಳನ್ನು ರೂಪಿಸುವಾಗ ಅದನ್ನು ಮರೆತಿರಲಾರರು. ಆದರೆ ದಿನವೂ ಕಣ್ಣೆದುರಿಗಿರುವ ವಸ್ತುವನ್ನು ಕಣ್ಣು ಬೇಗನೆ ಮರೆಯುತ್ತದೆ. ಹತ್ತು ವರ್ಷ ಒಂದೇ ತಂಬಿಗೆಯಿಂದ ನೀರು ಕುಡಿದವನಿಗೂ, ಆ ತಂಬಿಗೆಯ ಚಿತ್ರವನ್ನು ನೋಡದೆ ಬರೆಯೆಂದರೆ, ಕತ್ತು ಎಷ್ಟು ಉದ್ದ, ಹೊಟ್ಟೆ ಎಷ್ಟು ಅಗಲ ಎಂಬುದು ನೆನಪಾಗುವುದಿಲ್ಲ. ನೋಡುವುದು ಬೇರೆ, ಗಮನಿಸುವುದು ಬೇರೆ.

ವಿನ್ಯಾಸವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಮೊದಲು ಕಲಿಯಬೇಕಾದುದು ಈ ಗಮನಿಸುವ ವಿದ್ಯೆಯನ್ನೇ. ವಿನ್ಯಾಸವೆಂದರೆ ಅಲಂಕಾರವಲ್ಲ. ಒಂದು ವಸ್ತು ಯಾವ ಕೆಲಸಕ್ಕೆ ಬೇಕು, ಯಾರ ಕೈಗೆ ಬೇಕು, ಯಾವ ದ್ರವ್ಯದಿಂದ ಆಗಬೇಕು ಎಂದು ಯೋಚಿಸಿ ಅದಕ್ಕೆ ತಕ್ಕ ಆಕಾರವನ್ನು ಕೊಡುವುದೇ ವಿನ್ಯಾಸ. ಅದರಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ. ವಸ್ತುವಿನ ಆಕಾರವು ರೂಪ. ಆ ರೂಪದ ಒಳಗೂ ಸುತ್ತಲೂ ಬಿಟ್ಟಿರುವ ಬರಿದಾದ ಜಾಗವು ಎಡೆ. ಯಾವುದು ಎಲ್ಲಿರಬೇಕೆಂದು ನಿರ್ಧರಿಸಿ ಇಡುವುದು ಜೋಡಣೆ. ಈ ಮೂರನ್ನೂ ಅರಿಯಲು ದೂರದ ಚಿತ್ರಶಾಲೆಗೆ ಹೋಗಬೇಕಾಗಿಲ್ಲ. ಅಡುಗೆಮನೆ, ಅಂಗಳ, ಹೊಲ, ಗುಡಿ ಇವು ಸಾಕು.

ಮೊದಲು ನೀರಿನ ಕೊಡವನ್ನು ತೆಗೆದುಕೊಳ್ಳಬಹುದು. ಅದರ ಹೊಟ್ಟೆ ದುಂಡಾಗಿರುವುದು ಕೇವಲ ಚೆಲುವಿಗಾಗಿ ಅಲ್ಲ. ಒಂದೇ ಪ್ರಮಾಣದ ನೀರನ್ನು ಹಿಡಿಯುವ ಎಲ್ಲ ಆಕಾರಗಳಲ್ಲಿಯೂ ಗೋಳದ ಮೈ ಅತ್ಯಂತ ಚಿಕ್ಕದು ಎಂದು ಗಣಿತವು ಹೇಳುತ್ತದೆ. ಆದ್ದರಿಂದ ದುಂಡು ಕೊಡಕ್ಕೆ ಮಣ್ಣಾಗಲಿ ತಾಮ್ರವಾಗಲಿ ಕಡಿಮೆ ಸಾಕು. ಕುಂಬಾರನು ಚಕ್ರದ ಮೇಲೆ ಎತ್ತಿದ ಗಡಿಗೆಯ ಒಳಗೆ ಕಲ್ಲನ್ನು ಹಿಡಿದು, ಹೊರಗಿನಿಂದ ಹಲಗೆಯಿಂದ ತಟ್ಟಿ ತಟ್ಟಿ ಹೊಟ್ಟೆಯನ್ನು ಹಿಗ್ಗಿಸುತ್ತಾನೆ. ಗೋಡೆ ತೆಳುವಾದಷ್ಟೂ ಹೊರುವವರಿಗೆ ಭಾರ ಕಡಿಮೆ. ಕೊಡದ ಕತ್ತು ಕಿರಿದಾಗಿರುವುದರಿಂದ ನಡೆಯುವಾಗ ನೀರು ತುಳುಕುವುದಿಲ್ಲ. ಸೊಂಟದ ಮೇಲಿಟ್ಟಾಗ ತೋಳು ಆ ಕತ್ತನ್ನು ಬಳಸಿ ಹಿಡಿಯುತ್ತದೆ. ಬಾಯಿಯ ಅಂಚು ಹೊರಕ್ಕೆ ಬಾಗಿರುವುದರಿಂದ ಬಾವಿಯ ಹಗ್ಗದ ಕುಣಿಕೆ ಜಾರುವುದಿಲ್ಲ. ಅಡುಗೆಯ ಗಡಿಗೆಯ ದುಂಡು ತಳವು ಒಲೆಯ ಮೂರು ಗುಂಡುಗಳ ನಡುವೆ ಅಲುಗದೆ ಕೂರುತ್ತದೆ. ತಲೆಯ ಮೇಲೆ ಹೊರುವ ಕೊಡದ ತಳಕ್ಕೆ ಸಿಂಬಿಯು ಆಸರೆಯಾಗುತ್ತದೆ. ಹೀಗೆ ಕೊಡದ ಒಂದೊಂದು ಬಾಗೂ ಒಂದೊಂದು ಪ್ರಶ್ನೆಗೆ ಉತ್ತರವಾಗಿದೆ.

ಇಂತಹ ಸಾಮಾನ್ಯ ವಸ್ತುವಿನ ಹಿರಿಮೆಯನ್ನು ದೂರದಿಂದ ಬಂದವರೂ ಗುರುತಿಸಿದರು. ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಅವರು ಭಾರತ ಸರ್ಕಾರದ ಆಹ್ವಾನದ ಮೇರೆಗೆ ಈ ದೇಶದಲ್ಲಿ ಸಂಚರಿಸಿ, 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ತಾವು ಇಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲಿ ಅವರು ಎಲ್ಲಕ್ಕಿಂತ ಮಿಗಿಲಾದ ಸ್ಥಾನವನ್ನು ಕೊಟ್ಟದ್ದು ಅರಮನೆಗಲ್ಲ, ಆಭರಣಕ್ಕಲ್ಲ, ಮನೆಮನೆಯ ತಂಬಿಗೆಗೆ. ಅದನ್ನು ಹೊಸದಾಗಿ ರೂಪಿಸಬೇಕಾದವನು ಏನೇನನ್ನು ಯೋಚಿಸಬೇಕಾದೀತು ಎಂದು ಅವರು ಪಟ್ಟಿ ಮಾಡಿದರು. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತುಂಬಿದಾಗಲೂ ಬರಿದಾದಾಗಲೂ ತೂಕ ಹೇಗೆ ನಿಲ್ಲುತ್ತದೆ, ಒಳಗೆ ತೊಳೆಯುವುದು ಹೇಗೆ, ಬೆಲೆ ಎಷ್ಟಾದೀತು, ತಟ್ಟಿದರೆ ನಾದ ಹೇಗಿರುತ್ತದೆ ಎಂಬಂತಹ ಅನೇಕ ಪ್ರಶ್ನೆಗಳು ಆ ಪಟ್ಟಿಯಲ್ಲಿದ್ದವು. ತಂಬಿಗೆಯನ್ನು ಯಾವನೋ ಒಬ್ಬನು ಒಂದು ದಿನ ರಚಿಸಲಿಲ್ಲ. ಅನೇಕ ತಲೆಮಾರಿನ ಜನರು ಬಳಸುತ್ತ, ತಿದ್ದುತ್ತ ಅದಕ್ಕೆ ಈ ರೂಪವನ್ನು ತಂದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಆರಂಭವಾಯಿತು.

ರೂಪವನ್ನು ಕಾಣುವುದಕ್ಕಿಂತ ಎಡೆಯನ್ನು ಕಾಣುವುದು ಕಷ್ಟ. ಇಲ್ಲದ ವಸ್ತುವಿನ ಕಡೆಗೆ ಕಣ್ಣು ಹೊರಳುವುದಿಲ್ಲವಷ್ಟೆ. ಆದರೆ ರೈತನಿಗೆ ಎಡೆಯ ಬೆಲೆ ಚೆನ್ನಾಗಿ ತಿಳಿದಿದೆ. ಕೂರಿಗೆಯ ತಾಳುಗಳನ್ನು ಸಮನಾದ ದೂರದಲ್ಲಿ ಕೂರಿಸಿ ಬಿತ್ತಿದಾಗ ಜೋಳದ ಸಾಲುಗಳ ನಡುವೆ ಒಂದೇ ಅಳತೆಯ ಜಾಗ ಉಳಿಯುತ್ತದೆ. ಆ ಜಾಗದಲ್ಲಿ ಎತ್ತುಗಳು ನಡೆಯುತ್ತವೆ; ಗಾಳಿ ಬೆಳಕು ಆಡುತ್ತವೆ; ಬೆಳೆಗೆ ಪೆಟ್ಟಾಗದಂತೆ ಕಳೆ ತೆಗೆಯುವ ಉಪಕರಣವು ಹಾಯುತ್ತದೆ. ಎಡೆಯಲ್ಲಿ ಹಾಯುವ ಆ ಉಪಕರಣಕ್ಕೆ ಎಡೆಕುಂಟೆ ಎಂದೇ ಹೆಸರು. ಬಿತ್ತದೆ ಬಿಟ್ಟ ಜಾಗವು ವ್ಯರ್ಥವಾದ ಜಾಗವಲ್ಲ. ಅದನ್ನೂ ಬಿತ್ತಿಬಿಟ್ಟರೆ ಇಡೀ ಬೆಳೆಗೇ ಹಾನಿ. ಹಬ್ಬದ ದಿನ ದೇವರ ಮುಂದೆ ಬಡಿಸಿಡುವುದಕ್ಕೂ ಕನ್ನಡದಲ್ಲಿ ಎಡೆ ಎಂದೇ ಹೇಳುತ್ತಾರೆ. ಊಟದ ಎಲೆಯಲ್ಲಿಯೂ ಜೋಡಣೆಯುಂಟು. ಸಾಮಾನ್ಯವಾಗಿ ಎಲೆಯ ತುದಿ ಉಣ್ಣುವವನ ಎಡಕ್ಕೆ ಇರುತ್ತದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿಗಳು ಸ್ವಲ್ಪ ಸ್ವಲ್ಪವಾಗಿ ಮೇಲ್ಭಾಗದಲ್ಲಿ ಸಾಲುಗೊಳ್ಳುತ್ತವೆ. ಅನ್ನವು ಕೈಗೆ ಹತ್ತಿರವಾಗಿ ಕೆಳಗೆ ಬರುತ್ತದೆ. ಕಲಸಿಕೊಳ್ಳಲು ಬೇಕಾದ ಜಾಗವನ್ನು ಬಡಿಸುವವರು ಮೊದಲೇ ಉಳಿಸಿರುತ್ತಾರೆ.

ಹೊಸಿಲ ಮುಂದಿನ ರಂಗೋಲಿಯೂ ಇದೇ ಪಾಠವನ್ನು ಹೇಳುತ್ತದೆ. ನಡುವಿನ ಸಾಲಿನಲ್ಲಿ 7 ಚುಕ್ಕಿ ಇಟ್ಟು, ಎರಡು ಚುಕ್ಕಿಗಳ ನಡುವಣ ಸಂದಿಗೆ ನೇರವಾಗಿ ಮೇಲೆಯೂ ಕೆಳಗೆಯೂ 6, 5, 4 ಚುಕ್ಕಿಗಳ ಸಾಲುಗಳನ್ನು ಇಟ್ಟರೆ ಒಟ್ಟು 37 ಚುಕ್ಕಿಗಳಾಗಿ, ಆರು ಮೂಲೆಯ ಆಕಾರವೊಂದು ನೆಲದ ಮೇಲೆ ಮೂಡುತ್ತದೆ. ಇನ್ನೂ ಗೆರೆ ಎಳೆದಿಲ್ಲ. ಆದರೂ ಚಿತ್ರದ ಗಾತ್ರ, ನಡುಬಿಂದು, ಅಂಚುಗಳೆಲ್ಲ ನಿರ್ಧಾರವಾಗಿವೆ. ಕಾಗದದ ಮೇಲೆ ಚೌಕುಳಿ ಗೆರೆ ಹಾಕಿಕೊಂಡು ಕೆಲಸ ಆರಂಭಿಸುವ ವಿನ್ಯಾಸಕಾರನೂ ಮಾಡುವುದು ಇದನ್ನೇ. ಆತನು ಅಳತೆಪಟ್ಟಿಯಿಂದ ಮಾಡುವುದನ್ನು ಮನೆಯ ಹೆಣ್ಣುಮಗಳು ಬೆರಳ ಸಂದಿಯಿಂದ ಇಳಿಯುವ ಹುಡಿಯಿಂದ, ಬಾಗಿ ನಿಂತು, ಕಣ್ಣಳತೆಯಲ್ಲಿಯೇ ಮಾಡಿ ಮುಗಿಸುತ್ತಾಳೆ.

ಧಾರವಾಡದ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಇವುಗಳಲ್ಲಿ ಗವಂತಿಯ ಕ್ರಮವು ಬಹಳ ಸೊಗಸಾದುದು. ಬಟ್ಟೆಯ ಎಳೆಗಳನ್ನು ಎಣಿಸುತ್ತ ಸೂಜಿಯು ಒಂದು ಹೊಲಿಗೆ ಹಾಕಿ, ಅಷ್ಟೇ ಜಾಗವನ್ನು ಬರಿದಾಗಿ ಬಿಟ್ಟು ಮುಂದಕ್ಕೆ ಹೋಗುತ್ತದೆ. ತುದಿಯನ್ನು ಮುಟ್ಟಿ ಹಿಂದಿರುಗುವಾಗ ಹಾಗೆ ಬಿಟ್ಟ ಎಡೆಗಳನ್ನೆಲ್ಲ ತುಂಬುತ್ತ ಬರುತ್ತದೆ. ಹೋಗುವಾಗ ಬಿಟ್ಟುದರಲ್ಲಿ ಒಂದೇ ಒಂದು ಎಳೆ ತಪ್ಪಿದರೂ ಬರುವಾಗ ಗೆರೆ ಕೂಡುವುದಿಲ್ಲ. ಸರಿಯಾಗಿ ಕೂಡಿದಾಗ ಬಟ್ಟೆಯ ಮುಂದೆಯೂ ಹಿಂದೆಯೂ ಒಂದೇ ಚಿತ್ರ ಕಾಣುತ್ತದೆ. ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಬಟ್ಟೆಯ ಮೇಲೆ ಮೊದಲೇ ಬರೆದುಕೊಳ್ಳದೆ, ಎಣಿಕೆಯ ಬಲದಿಂದಲೇ ಮೂಡಿಸುವುದು ಈ ಕಲೆಯ ಸಂಪ್ರದಾಯ.

ಅಡುಗೆಮನೆಯ ಕೊಡದಿಂದ ಕಲ್ಲಿನ ಗುಡಿಗೆ ದಾರಿ ಬಹಳ ದೂರವಿಲ್ಲ. ಹಾನಗಲ್ಲಿನ ತಾರಕೇಶ್ವರ, ರಟ್ಟೀಹಳ್ಳಿಯ ಕದಂಬೇಶ್ವರ, ಬಂಕಾಪುರದ ನಗರೇಶ್ವರ ದೇವಾಲಯಗಳು ಕಲ್ಯಾಣದ ಚಾಲುಕ್ಯರ ಶೈಲಿಯವು. ಈ ಶೈಲಿಯ ಶಿಲ್ಪಿಗಳು ಬಳಪದ ಕಲ್ಲನ್ನು ಬಳಸಿ, ಮರವನ್ನು ತಿರುಗಣೆಯಲ್ಲಿ ಕಡೆದಂತೆ ನುಣುಪಾದ ಕಂಬಗಳನ್ನು ಮಾಡಿದರು. ಅಂತಹ ಕಂಬವನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ನೋಡಿದರೆ ಅದರಲ್ಲಿ ಬಿಲ್ಲೆ, ಗಂಟೆ, ಕುಂಭಗಳ ಆಕಾರಗಳು ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಹಾನಗಲ್ಲಿನ ಮಂಟಪದಲ್ಲಿ ತಲೆಯೆತ್ತಿದರೆ ಎಂಟು ಮೂಲೆಯ ವಿಶಾಲವಾದ ಕಮಲದ ಛಾವಣಿ ಕಾಣುತ್ತದೆ. ಆದರೆ ಶಿಲ್ಪಿಯು ಕಟ್ಟಿದ್ದು ಕಲ್ಲನ್ನು ಮಾತ್ರವೇ ಅಲ್ಲ. ಕಂಬಗಳ ನಡುವೆ ಜನರು ನಿಲ್ಲುವ ಜಾಗವನ್ನೂ ಆತನು ಅಳೆದು ಕಟ್ಟಿದನು. ತೆರೆದ ಮಂಟಪದಿಂದ ಒಳಕ್ಕೆ ನಡೆದಂತೆ ಎಡೆ ಕಿರಿದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ, ಗರ್ಭಗುಡಿಯ ಮುಂದೆ ಮಾತು ತಾನಾಗಿ ತಗ್ಗುತ್ತದೆ. ಕುಂಬಾರನ ಕೊಡದಲ್ಲಿ ಕೆಲಸಕ್ಕೆ ಬರುವುದು ಗೋಡೆಯ ಒಳಗಿನ ಬರಿದಾದ ಜಾಗವೇ. ಗುಡಿಯಲ್ಲಿಯೂ ಹಾಗೆಯೇ.

ಅಚ್ಚಾದ ಪುಟವೂ ಈ ಮಾತಿಗೆ ಹೊರತಲ್ಲ. ಕನ್ನಡದ ಒತ್ತಕ್ಷರಗಳು ಅಕ್ಷರದ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕಾಗುತ್ತದೆ. ಅದನ್ನು ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲಿ ಓದುವವನ ಕಣ್ಣು ದಣಿಯುತ್ತದೆ. ಹಿಂದೆ ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲದಲ್ಲಿ, ಎರಡು ಪದಗಳ ನಡುವಣ ಬರಿದಾದ ಜಾಗಕ್ಕೂ ಲೋಹದ ತುಂಡೊಂದನ್ನು ಆರಿಸಿ ಇಡಬೇಕಾಗಿತ್ತು. ಮೊಳೆ ಜೋಡಿಸುವವನಿಗೆ ಎಡೆಯೆಂಬುದು ಏನೂ ಇಲ್ಲದ ಜಾಗವಲ್ಲ. ಕೈಯಲ್ಲಿ ತೂಗುವ ವಸ್ತು.

ಇಷ್ಟನ್ನೆಲ್ಲ ಗಮನಿಸುವುದರಿಂದ ಆಗುವ ಪ್ರಯೋಜನವೇನು ಎಂದು ಕೇಳಬಹುದು. ಕಾಲ ಬದಲಾದಂತೆ ವಸ್ತುಗಳೂ ಬದಲಾಗುತ್ತವೆ. ತಾಮ್ರದ ಕೊಡದ ಜಾಗಕ್ಕೆ ಪ್ಲಾಸ್ಟಿಕ್ ಕೊಡ ಬಂದಿತು. ಅದು ಹಗುರ, ಅಗ್ಗ; ಮಣ್ಣಿನ ಕೊಡದಂತೆ ಬೇಗ ಒಡೆಯುವುದಿಲ್ಲ. ನೀರು ಹೊರುವ ಹೆಂಗಸರ ಶ್ರಮ ಅದರಿಂದ ಕಡಿಮೆಯಾಯಿತೆಂಬುದನ್ನು ಮರೆಯಬಾರದು. ಆದರೆ ಅದರ ರೂಪವನ್ನು ನೋಡಬೇಕು. ದ್ರವ್ಯ ಬದಲಾದರೂ ಕಿರಿದಾದ ಕತ್ತು, ದುಂಡಾದ ಹೊಟ್ಟೆ, ಹೊರಕ್ಕೆ ಬಾಗಿದ ಅಂಚು ಹಾಗೆಯೇ ಉಳಿದಿವೆ. ಹೊರುವ ಸೊಂಟ, ತೋಳುಗಳು ಬದಲಾಗಿಲ್ಲವಾದ್ದರಿಂದ ರೂಪವೂ ಬದಲಾಗಲಿಲ್ಲ. ಮಣ್ಣಿನ ಗಡಿಗೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗಿ ಒಳಗಿನ ನೀರನ್ನು ತಣ್ಣಗಿಡುತ್ತಿದ್ದ ಗುಣ ಮಾತ್ರ ಕಳೆದುಹೋಯಿತು.

ಈಗ ಕುಡಿಯುವ ನೀರನ್ನು 20 ಲೀಟರಿನ ಕ್ಯಾನುಗಳಲ್ಲಿ ತರುವ ರೂಢಿ ಬಂದಿದೆ. ವಾಹನದಲ್ಲಿ ಸಾಲಾಗಿ ಜೋಡಿಸಲು ಅದರ ಆಕಾರ ಅನುಕೂಲ. ಆದರೆ ನಡೆದು ಹೊರುವವರ ಸೊಂಟಕ್ಕೆ ಅದು ಒಗ್ಗುವುದಿಲ್ಲ. 20 ಕಿಲೋಗ್ರಾಂ ನೀರಿನ ಭಾರವೆಲ್ಲ ನಾಲ್ಕು ಬೆರಳುಗಳ ಮೇಲೆ ಬೀಳುತ್ತದೆ. ಕೊಡವನ್ನು ರೂಪಿಸಿದವರ ಮನಸ್ಸಿನಲ್ಲಿ ಹೊರುವವಳಿದ್ದಳು. ಕ್ಯಾನನ್ನು ರೂಪಿಸಿದವರ ಮನಸ್ಸಿನಲ್ಲಿ ಸಾಗಿಸುವ ವಾಹನವಿತ್ತು. ರೂಪವು ಯಾರನ್ನು ಮರೆಯುತ್ತದೆಯೋ ಅವರ ಮೈ ಅದರ ತಪ್ಪನ್ನು ಹೊರಬೇಕಾಗುತ್ತದೆ. ಎತ್ತರ ಹೊಂದದ ಬೆಂಚಿನ ಮೇಲೆ ಬೆನ್ನು ಬಾಗಿಸಿ ಬರೆಯುವ ಬಾಲಕನೂ, ಕೈಗೆಟುಕದ ಅಟ್ಟದಿಂದ ಡಬ್ಬಿ ಇಳಿಸುವ ಅಜ್ಜಿಯೂ ಇಂತಹ ತಪ್ಪುಗಳ ಭಾರವನ್ನೇ ಹೊರುತ್ತಾರೆ. ಗಮನಿಸಲು ಕಲಿತವರು ಅದನ್ನು ಹಣೆಬರಹವೆಂದು ಸುಮ್ಮನಿರದೆ ಮನುಷ್ಯನ ಕೈಯಿಂದಾದ ತಪ್ಪೆಂದು ಗುರುತಿಸುತ್ತಾರೆ. ಮನುಷ್ಯನು ಮಾಡಿದ್ದನ್ನು ಮನುಷ್ಯನು ತಿದ್ದಬಹುದು.

ಬಳಕೆಯಿಂದ ಮರೆಯಾಗುತ್ತಿರುವ ರೂಪಗಳನ್ನು ನೆನಪಿನಲ್ಲಿ ಉಳಿಸುವ ಕಾರ್ಯವೂ ಗಮನಿಸುವ ಕಣ್ಣಿನಿಂದಲೇ ಆರಂಭವಾಗುತ್ತದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದರಾದ ಟಿ. ಬಿ. ಸೊಲಬಕ್ಕನವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಮನೆ, ದನಕರು, ಕಸುಬುಗಳು ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ಕೆಲಸ ಮಾಡುವವರ ಭುಜದ ಬಾಗು, ಕುಳಿತುಕೊಳ್ಳುವ ಭಂಗಿ, ಹಿಡಿದ ಉಪಕರಣ ಇವೆಲ್ಲ ಕಲಾವಿದನ ಕಣ್ಣಿಗೆ ಮೊದಲು ಬಿದ್ದುದರಿಂದಲೇ ಅವು ಶಿಲ್ಪಗಳಾದವು.

ಚಿಕ್ಕೇರೂರಿನ ಮನೆಯಲ್ಲಿಯೇ ಆಗಲಿ, ಬೇರೆ ಯಾವ ಊರಿನ ಮನೆಯಲ್ಲಿಯೇ ಆಗಲಿ, ಒಂದು ತಂಬಿಗೆಯನ್ನು ಮುಂದಿಟ್ಟುಕೊಂಡು ಅದರ ಗೆರೆಯನ್ನು ಕಾಗದದ ಮೇಲೆ ಎಳೆಯುವ ವಿದ್ಯಾರ್ಥಿಗೆ ಮೊದಲ ಚಿತ್ರ ಸೊಟ್ಟಗೆ ಬರಬಹುದು. ಎರಡನೆಯ ಸಲ ಅವನು ಕತ್ತಿನ ಅಗಲವನ್ನು ಬೆರಳಿನಿಂದ ಅಳೆಯುತ್ತಾನೆ. ಮೂರನೆಯ ಸಲ, ತಂಬಿಗೆಗೂ ಕಾಗದದ ಅಂಚಿಗೂ ನಡುವೆ ಎಷ್ಟು ಜಾಗ ಬಿಡಬೇಕೆಂದು ಯೋಚಿಸುತ್ತಾನೆ. ಆ ವೇಳೆಗೆ, ಇದನ್ನು ಹೀಗೆಯೇ ಏಕೆ ಮಾಡಿದರು ಎಂಬ ಪ್ರಶ್ನೆಯೂ ಅವನ ಮನಸ್ಸಿನಲ್ಲಿ ಹುಟ್ಟಿರುತ್ತದೆ. ಹೆಸರನ್ನು ಉಳಿಸದೆ ಹೋದ ಕಂಚುಗಾರರು, ಕುಂಬಾರರು, ಬಡಿಗರು, ಕಸೂತಿ ಹಾಕಿದ ಹೆಣ್ಣುಮಕ್ಕಳು ಮಾಡಿಟ್ಟ ಯೋಚನೆಗೆ ಸಲ್ಲಬೇಕಾದ ಗೌರವವು ಅಂತಹ ಪ್ರಶ್ನೆಯ ಮೂಲಕವೇ ಸಲ್ಲುತ್ತದೆ.