ಮೊಬೈಲ್ ಫೋನಿಗೆ ತಕ್ಕ ಬ್ರೌಸರು

ಭೂಮಿ ಯೋಜನೆಯ ಪಹಣಿಯೂ ಪೇಟೆಯ ಧಾರಣೆಯೂ ಈಗ ಮೊಬೈಲಿನಲ್ಲಿಯೇ ದೊರೆಯುವುದರಿಂದ, ಜಾಲಪುಟಗಳನ್ನು ತೆರೆಯುವ ಬ್ರೌಸರನ್ನು ಗ್ರಾಮದ ಮುಖಂಡರೂ ಜಮೀನುದಾರರೂ ವಿಚಾರಮಾಡಿ ಆರಿಸತಕ್ಕದ್ದು. ಆಂಡ್ರಾಯ್ಡ್ ಫೋನುಗಳಲ್ಲಿ ಬಹುಮಟ್ಟಿಗೆ ಕ್ರೋಮ್ ಮೊದಲೇ ಇರುವುದು. ಸಾಮಾನ್ಯ ಕೆಲಸಕ್ಕೆ ಅಷ್ಟೇ ಸಾಕು. ಫೈರ್‌ಫಾಕ್ಸಿಗೆ ಜಾಹೀರಾತುಗಳನ್ನು ತಡೆಯುವ ಉಪಾಂಗವನ್ನು ಸೇರಿಸಬಹುದು. ಡೇಟಾ ವೆಚ್ಚವೂ ತಗ್ಗುವುದು. ಒಪೆರಾ ಮಿನಿಯಾದರೋ ಪುಟಗಳನ್ನು ತನ್ನ ಕಂಪೆನಿಯ ಯಂತ್ರಗಳಲ್ಲಿ ಕುಗ್ಗಿಸಿ ಕಳುಹಿಸುವುದರಿಂದ, ಸಿಗ್ನಲು ದುರ್ಬಲವಾದ ಹಳ್ಳಿಗಳಿಗೆ ಬಹಳ ಹಿತ. ಆದರೆ ಅತಿಯಾಗಿ ಕುಗ್ಗಿಸುವ ಏರ್ಪಾಟಿನಲ್ಲಿ ಸಕಲವೂ ಆ ಯಂತ್ರಗಳ ಮೂಲಕವೇ ಹಾದುಬರುವುದು. ಧಾರಣೆ ನೋಡಲು ಅಡ್ಡಿಯಿಲ್ಲ. ಬೆಳೆಸಾಲದ ಖಾತೆಯ ಗುಪ್ತಪದವನ್ನು ಮಾತ್ರ ಅಲ್ಲಿ ಬರೆಯಲಾಗದು. ಯೂಸಿ ಬ್ರೌಸರನ್ನು ಭಾರತ ಸರ್ಕಾರವು 2020ರ ಜೂನ್ ತಿಂಗಳಲ್ಲಿ ನಿಷೇಧಿಸಿತು. ಹಳೆಯ ಫೋನುಗಳಲ್ಲಿ ಅದು ಉಳಿದಿದ್ದರೆ ಕೂಡಲೇ ತೆಗೆದುಹಾಕತಕ್ಕದ್ದು.