ಬೀದಿಯ ಬೆಕ್ಕೂ ಸಾಹಸಕಥೆಯೂ



ಸಾಹಸಕಥೆಯೆಂದೊಡನೆ ನಿಮ್ಮ ಕಣ್ಣಮುಂದೆ ಕಡಲುಗಳ್ಳರು, ದಟ್ಟವಾದ ಅಡವಿ, ಹೂತಿಟ್ಟ ನಿಧಿ ಇವೆಲ್ಲ ಬಂದು ನಿಲ್ಲುತ್ತವೆ. ಇವಾವುವೂ ಇಲ್ಲದೆ, ಒಂದು ಬೀದಿ ಮತ್ತು ಆ ಬೀದಿಯ ನಾಲ್ಕಾರು ಬೆಕ್ಕುಗಳು, ಇಷ್ಟರಿಂದಲೇ ಸಾಹಸಕಥೆಯನ್ನು ಕಟ್ಟಬಹುದೆ? ಕಟ್ಟಬಹುದು, ಕಟ್ಟಿದವರೂ ಇದ್ದಾರೆ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಬೆಕ್ಕು ನಮ್ಮ ಕಥೆಗಳಿಗೆ ಹೊಸದಾಗಿ ಬಂದ ಪ್ರಾಣಿಯಲ್ಲ. ತೆನಾಲಿ ರಾಮಕೃಷ್ಣನು ಕುದಿಯುವ ಹಾಲನ್ನಿಟ್ಟು, ಹಾಲನ್ನು ಕಂಡರೆ ಓಡಿಹೋಗುವಂತೆ ಮಾಡಿದ ಬೆಕ್ಕಿನ ಕಥೆಯನ್ನು ನೀವು ಅಜ್ಜಿಯ ಬಾಯಿಂದಲೇ ಕೇಳಿರಬಹುದು. ಸಂಸ್ಕೃತ ಪಂಚತಂತ್ರದಲ್ಲಿ ದಧಿಕರ್ಣನೆಂಬ ಬೆಕ್ಕು ತಪಸ್ವಿಯ ವೇಷ ತಾಳಿ ಕುಳಿತಿದೆ. ನ್ಯಾಯ ಕೇಳಬಂದ ಮೊಲವನ್ನೂ ಹಕ್ಕಿಯನ್ನೂ, ತನಗೆ ವಯಸ್ಸಾಗಿ ಕಿವಿ ಕೇಳದೆಂದು ಹೇಳಿ ಬಳಿಗೆ ಕರೆದು, ಎರಡನ್ನೂ ಮುಗಿಸುತ್ತದೆ. ಮಾಮಲ್ಲಪುರದಲ್ಲಿ 7ನೆಯ ಶತಮಾನದ ದೊಡ್ಡ ಬಂಡೆಶಿಲ್ಪವೊಂದುಂಟು. ಅದರಲ್ಲಿಯೂ ಒಂದು ಬೆಕ್ಕು ಹಿಂಗಾಲುಗಳ ಮೇಲೆ ನಿಂತು, ಮುಂಗಾಲುಗಳನ್ನು ಮೇಲೆತ್ತಿ ತಪಸ್ಸು ಮಾಡುತ್ತಿದೆ. ಇಲಿಗಳು ಅದರ ಪಾದದ ಬಳಿ ನೆರೆದಿವೆ. ಇವೆಲ್ಲ ಸೊಗಸಾದ ಕಥೆಗಳೇ. ಆದರೆ ದಧಿಕರ್ಣನ ಸ್ಥಾನದಲ್ಲಿ ಬಕಪಕ್ಷಿಯನ್ನು ನಿಲ್ಲಿಸಿ ನೋಡಿರಿ, ಕಥೆಗೆ ಯಾವ ಕೊರತೆಯೂ ಆಗದು. ಏಕೆಂದರೆ ಅಲ್ಲಿರುವುದು ಬೆಕ್ಕಲ್ಲ, ಬೆಕ್ಕಿನ ಮುಖವಾಡ ತೊಟ್ಟ ಕಪಟಿ ಮನುಷ್ಯ. ರಾಮಕೃಷ್ಣನ ಕಥೆಯಲ್ಲಿಯೂ ನಾವು ಮೆಚ್ಚುವುದು ಅವನ ಯುಕ್ತಿಯನ್ನು. ಬಾಯಿ ಸುಟ್ಟುಕೊಂಡ ಬೆಕ್ಕಿನ ಪಾಡೇನಾಯಿತೆಂದು ಕೇಳುವವರಿಲ್ಲ.

ಮುಖವಾಡದ ಈ ಸಂಪ್ರದಾಯವು ನಾವಿರುವ ಗುಜರಾತಿನಲ್ಲಿಯೂ ಚೆನ್ನಾಗಿ ಬೆಳೆಯಿತು. ಸೂರತ್ತಿನ 'ಗಾಂಡೀವ' ಎಂಬ ಮಕ್ಕಳ ಪಾಕ್ಷಿಕದಲ್ಲಿ ಹರಿಪ್ರಸಾದ ವ್ಯಾಸರು 1936ರಿಂದ ಬಕೋರ್ ಪಟೇಲನ ಕಥೆಗಳನ್ನು ಬರೆದರು. ಬಕೋರ್ ಪಟೇಲನು ಒಂದು ಆಡು. ಅವನ ಹೆಂಡತಿ ಶಕರಿ ಪಟಲಾಣಿ. ಆಡಿನ ತಲೆಯ ಕೆಳಗೆ ಉಡುಪು, ಸಂಸಾರ, ಪೇಚಾಟ ಎಲ್ಲವೂ ಪಟ್ಟಣದ ಗೃಹಸ್ಥನವು. ಗುಜರಾತಿ ಓದಬಲ್ಲ ನೀವು ಈ ಕಥೆಗಳನ್ನು ತಪ್ಪದೆ ಓದಿರಿ, ನಗು ತಡೆಯದು. ಆದರೆ ಇವು ಹಾಸ್ಯಕಥೆಗಳು. ಸಾಹಸಕಥೆಗೆ ಅಪಾಯವು ನಿಜವಾದುದಾಗಿರಬೇಕು; ಹಸಿವೆಯೂ ನಿಜವಾದುದಾಗಿರಬೇಕು.

ಬೆಕ್ಕನ್ನು ಬೆಕ್ಕಾಗಿಯೇ ಉಳಿಸಿಕೊಂಡು ಸಾಹಸಕಥೆ ಬರೆದವರಲ್ಲಿ ನೀಲಾಂಜನಾ ರಾಯ್ ಅವರು ಒಬ್ಬರು. ಅವರು ಇಂಗ್ಲಿಷಿನಲ್ಲಿ ಬರೆದ 'ದಿ ವೈಲ್ಡಿಂಗ್ಸ್' ಎಂಬ ಕಾದಂಬರಿ 2012ರಲ್ಲಿ ಪ್ರಕಟವಾಯಿತು. ಅದಕ್ಕೆ ಚಿತ್ರ ಬರೆದವರು ಪ್ರಭಾ ಮಲ್ಯ. ಕಥೆ ನಡೆಯುವುದು ದೆಹಲಿಯ ನಿಜಾಮುದ್ದೀನ್ ಎಂಬ ಹಳೆಯ ಬಡಾವಣೆಯಲ್ಲಿ. ಸೂಫಿ ಸಂತರ ದರ್ಗಾ, ಇಕ್ಕಟ್ಟಾದ ಗಲ್ಲಿಗಳು, ತಾರಸಿಗಳು, ಕಸದ ರಾಶಿಗಳು, ಇವುಗಳ ನಡುವೆ ಬೆಕ್ಕುಗಳ ಒಂದು ಕುಲ ಬಾಳುತ್ತಿದೆ. ಮನುಷ್ಯರಿಗೆ ಅವು ಇಟ್ಟಿರುವ ಹೆಸರು 'ದೊಡ್ಡ ಪಾದದವರು' ಎಂದು. ನೆಲದ ಮಟ್ಟದಿಂದ ನೋಡುವ ಪ್ರಾಣಿಗೆ ನಮ್ಮಲ್ಲಿ ಮೊದಲು ಕಾಣುವುದು ಪಾದವಲ್ಲದೆ ಮತ್ತೇನು? ಈ ಒಂದು ಹೆಸರಿನಿಂದಲೇ ಲೇಖಕಿ ಓದುಗನನ್ನು ಕೆಳಗಿಳಿಸಿ, ಬೆಕ್ಕಿನ ಪಕ್ಕದಲ್ಲಿ ಕೂರಿಸಿಬಿಡುತ್ತಾರೆ.

ಮಾರಾ ಎಂಬುದು ಒಂದು ಮನೆಯಲ್ಲಿ ಸಾಕಿದ ಕಿತ್ತಲೆ ಬಣ್ಣದ ಮರಿ. ಅದಕ್ಕೆ ಹೊರಗಿನ ಲೋಕವೆಂದರೆ ಭಯ. ಆದರೆ ತನ್ನ ಮನಸ್ಸಿನ ಮಾತನ್ನು ದೂರದೂರಕ್ಕೆ ಕಳುಹಿಸುವ ಅಪೂರ್ವ ಶಕ್ತಿ ಅದರಲ್ಲಿದೆ. ತಿಳಿಯದೆ ಅದು ಕೂಗಿದ ಕೂಗು ಬಡಾವಣೆಯ ಎಲ್ಲ ಬೆಕ್ಕುಗಳ ತಲೆಯೊಳಗೆ ಮೊಳಗುತ್ತದೆ. ಕುಲದವು ಬೆದರಿ, ಈ ಅಪರಿಚಿತ ಮರಿಯನ್ನು ಕೊಂದುಬಿಡಬೇಕೆಂದು ಬೆರಾಲ್ ಎಂಬ ಬೇಟೆಗಾರ್ತಿಯನ್ನು ಅಟ್ಟುತ್ತವೆ. ಕೊಲ್ಲಲು ಹೋದ ಬೆರಾಲ್ ಕಡೆಗೆ ಆ ಮರಿಗೆ ಗುರುವಾಗುತ್ತಾಳೆ. ವರ್ಷದ ನಡುವೆ ಪರಸ್ಥಳದಿಂದ ಬಂದು ನಮ್ಮ ಶಾಲೆಗೆ ಸೇರಿದವರಿಗೆ ಈ ಪ್ರಕರಣವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಕಥೆಯ ಕೇಡು ಹೊರಗಿನಿಂದ ಬರುವುದಲ್ಲ. ಅದೇ ಬಡಾವಣೆಯ ಒಂದು ಮುಚ್ಚಿದ ಮನೆಯೊಳಗಿನಿಂದ ಬರುತ್ತದೆ. ಅಲ್ಲಿ ಒಬ್ಬ ಮುದುಕನ ಜೊತೆ ಸೆರೆಯಂತೆ ಬೆಳೆದ ಬೆಕ್ಕುಗಳಿಗೆ ಬೀದಿಯ ಕಟ್ಟಳೆಗಳೇ ತಿಳಿಯವು. ಬೀದಿಯ ಬೆಕ್ಕು ಹಸಿವೆಗಾಗಿ ಕೊಲ್ಲುತ್ತದೆ. ಇವು ಕೊಲ್ಲುವ ಸುಖಕ್ಕಾಗಿಯೇ ಕೊಲ್ಲುತ್ತವೆ. ಅವುಗಳ ನಾಯಕನ ಹೆಸರು ದತೂರಾ, ಎಂದರೆ ಉಮ್ಮತ್ತಿ. ಮುಂದೆ ನಡೆಯುವ ಕದನವನ್ನು ಇಲ್ಲಿ ಹೇಳಿ ನಿಮ್ಮ ಓದಿನ ರುಚಿ ಕೆಡಿಸಲಾರೆ.

ಮಾರ್ಜಾಲಗಳು ದೂರದಿಂದಲೇ ಮಾತನಾಡುವುದು ಬರಿಯ ಕಟ್ಟುಕಥೆಯಲ್ಲವೆ ಎಂದು ನೀವು ಆಕ್ಷೇಪಿಸಬಹುದು. ಕಟ್ಟುಕಥೆಯೇ ಸರಿ, ಆದರೆ ಅದನ್ನು ಯಾವುದರ ಮೇಲೆ ಕಟ್ಟಿದೆಯೆಂಬುದನ್ನು ನೋಡಿರಿ. ಕಾದಂಬರಿಯಲ್ಲಿ ಈ ಮಾತುಕತೆ ನಡೆಯುವುದು ಮೀಸೆಯ ಮೂಲಕ. ನಿಜವಾದ ಬೆಕ್ಕಿಗೆ ಮೂತಿಯ ಒಂದೊಂದು ಪಕ್ಕದಲ್ಲಿ ಸುಮಾರು 12 ಮೀಸೆಗಳುಂಟು. ಹುಬ್ಬಿನ ಮೇಲೆಯೂ ಮುಂಗಾಲಿನ ಹಿಂಬದಿಯಲ್ಲಿಯೂ ಇಂಥ ಕೂದಲುಗಳಿವೆ. ಇವುಗಳ ಬುಡದಲ್ಲಿ ನರಗಳು ದಟ್ಟವಾಗಿರುವುದರಿಂದ ಕತ್ತಲೆಯಲ್ಲಿ ಗಾಳಿಯ ಸಣ್ಣ ಅಲುಗಾಟವೂ ಬೆಕ್ಕಿಗೆ ತಿಳಿಯುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ನಾದವನ್ನು ಕೇಳಬಲ್ಲುದಾದರೆ, ಬೆಕ್ಕಿನ ಕಿವಿ 60,000ವನ್ನೂ ಮೀರಿದ್ದನ್ನು ಕೇಳುತ್ತದೆ. ಲೇಖಕಿ ಈ ನಿಜವನ್ನೇ ಇನ್ನಷ್ಟು ಎಳೆದು ಉದ್ದ ಮಾಡಿದ್ದಾರೆ. ಇಂಥ ಕಲ್ಪನೆಗೆ ಬೇರುಂಟು. ಬೆಕ್ಕಿಗೆ ಕನ್ನಡಕ ಹಾಕಿ ಸೈಕಲ್ಲಿನ ಮೇಲೆ ಕೂರಿಸಿದರೆ ಅದು ಬೇರಿಲ್ಲದ ಕಲ್ಪನೆ. ಹಾಗೆಯೇ ಹಾಲಿನ ವಿಚಾರ: ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದು, ಸಿಹಿಯ ರುಚಿಯಂತೂ ಬೆಕ್ಕಿನ ನಾಲಗೆಗೆ ತಿಳಿಯದು. ಆದರೂ ನಮ್ಮ ತರಗತಿಯ ಪ್ರಬಂಧಗಳಲ್ಲಿ ಬೆಕ್ಕು ಹಾಲು ಕುಡಿಯುವುದನ್ನು ಬಿಟ್ಟಿಲ್ಲ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ನೀಲಾಂಜನಾ ರಾಯ್ ಅವರ ಬೆಕ್ಕುಗಳು ನಿಜಾಮುದ್ದೀನನ್ನು ಬಿಟ್ಟು ಬಾಳಲಾರವು. ಯಾವ ಗೋಡೆ ಎಷ್ಟು ಎತ್ತರ, ಯಾವ ತಾರಸಿಯಿಂದ ಯಾವುದಕ್ಕೆ ಜಿಗಿಯಬಹುದು ಎಂಬುದೇ ಆ ಕಥೆಯ ಭೂಪಟ. ಬೀದಿಯ ಬೆಕ್ಕಿನ ಕಥೆಯೆಂದರೆ ಬೀದಿಯ ಕಥೆ; ಆ ಬೀದಿ ಬರೆಯುವವನಿಗೆ ಗೇಣುಗೇಣಾಗಿ ತಿಳಿದಿರಬೇಕು. ನೀವು ಕಥೆ ಬರೆದು ತಂದಾಗಲೆಲ್ಲ ಅದು ಹಳ್ಳಿಯೊಂದರಲ್ಲಿ, ಆಲದ ಮರದ ಕೆಳಗೆ, ಕೆರೆಯ ದಂಡೆಯಲ್ಲಿ ಆರಂಭವಾಗುತ್ತದೆ. ಆ ಹಳ್ಳಿಯನ್ನು ನೀವು ಕಂಡಿರುವುದು ರಜೆಯ ಹದಿನೈದು ದಿನ ಮಾತ್ರ. ಕಥೆ ಕನ್ನಡದಲ್ಲಿದ್ದರೆ ಊರೂ ಕನ್ನಡನಾಡಿನಲ್ಲಿಯೇ ಇರಬೇಕೆಂದು ವಿಧಿಸಿದವರು ಯಾರು?

ಅಹಮದಾಬಾದಿನ ಹಳೆಯ ನಗರವನ್ನು ನೋಡಿರಿ. 2017ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಪೋಳುಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುವುದರಿಂದ, ಮಾಡಿನ ಮೇಲೆಯೇ ಬೆಕ್ಕಿಗೊಂದು ರಾಜಬೀದಿಯುಂಟು. ನಡುವೆ ಕಂಬದ ಮೇಲೆ ನಿಂತ ಚಬೂತರೋ, ಹಕ್ಕಿಗಳಿಗೆ ಕಾಳು ಹಾಕುವ ಗೂಡು. ಪಾರಿವಾಳಗಳು ಅಲ್ಲಿ ನಿರ್ಭಯವಾಗಿ ಕಾಳು ತಿನ್ನುತ್ತವೆ. ಬೆಕ್ಕು ಕೆಳಗೆ ಜಗುಲಿಯ ಮೇಲೆ ಕುಳಿತು ತಲೆಯೆತ್ತಿ ನೋಡುತ್ತದೆ. ಈಗ ಜನವರಿ 14 ಬಂದಿತೆಂದು ಇಟ್ಟುಕೊಳ್ಳಿರಿ. ಉತ್ತರಾಯಣದ ಗಾಳಿಪಟಕ್ಕಾಗಿ ಊರಿಗೆ ಊರೇ ಮಾಡು ಹತ್ತುತ್ತದೆ. ಬೆಕ್ಕಿನ ರಾಜಬೀದಿಯ ತುಂಬ ದೊಡ್ಡ ಪಾದಗಳು, ಕಾಲಿಗೆ ತೊಡರುವ ಮಾಂಜಾ ನೂಲು, ದಿನವೆಲ್ಲ ಕೂಗಾಟ. ಮೂರು ಮನೆಗಳಾಚೆಯ ಅಟ್ಟದಲ್ಲಿ ಅದರ ಮರಿಗಳಿದ್ದರೆ? ಇದಕ್ಕಿಂತ ದೊಡ್ಡ ಸಾಹಸ ಯಾವ ದ್ವೀಪದಲ್ಲಿದೆ?

ವಡೋದರಾದಲ್ಲಿರುವವರಿಗೆ ವಿಶ್ವಾಮಿತ್ರಿ ನದಿಯೂ ಅದರ ಮೊಸಳೆಗಳೂ ಉಂಟು. 2024ರ ಆಗಸ್ಟಿನ ನೆರೆಯಲ್ಲಿ ಮೊಸಳೆಗಳು ಮನೆಗಳಿರುವ ಬೀದಿಗಳಿಗೇ ಬಂದವು. ಸೂರತ್ತಿನವರಿಗೆ ತಾಪಿಯ 2006ರ ಪ್ರವಾಹವುಂಟು. ಅದಕ್ಕೂ ಹಿಂದೆ 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಭೀತಿಯಿಂದ ಲಕ್ಷಾಂತರ ಜನ ಆ ನಗರವನ್ನು ಬಿಟ್ಟು ಓಡಿದರು. ಬೀಗ ಹಾಕಿದ ಚಾಳಿನಲ್ಲಿ ಉಳಿದ ಬೆಕ್ಕಿಗೆ ಆ ವಾರ ಹೇಗೆ ಕಂಡಿರಬಹುದು?

ಭಾಷೆಯ ಬಗ್ಗೆಯೂ ಒಂದು ಮಾತು. ಬಂಗಾಳಿಯ ಬೆರಾಲ್, ಗುಜರಾತಿಯ ಬಿಲಾಡಿ, ಇವೆರಡೂ ಸಂಸ್ಕೃತದ ಬಿಡಾಲವನ್ನು ನೆನಪಿಗೆ ತರುತ್ತವೆ. ನಮ್ಮಲ್ಲಿ ಉತ್ತರದ ಕಡೆಯವರು ಬೆಕ್ಕು ಎಂದರೆ ಮೈಸೂರಿನ ಕಡೆ ಕೊತ್ತಿ ಎನ್ನುವವರಿದ್ದಾರೆ. ತುಳುವಿನಲ್ಲಿ ಅದು ಪುಚ್ಚೆ. ಮಳೆಗಾಲದಲ್ಲಿ ಏಳುವ ಅಣಬೆಯನ್ನು ನಾವು ನಾಯಿಕೊಡೆ ಎನ್ನುತ್ತೇವೆ. ಗುಜರಾತಿಗಳು ಅದನ್ನೇ 'ಬಿಲಾಡಿನೋ ಟೋಪ್', ಬೆಕ್ಕಿನ ಟೋಪಿ, ಎನ್ನುತ್ತಾರೆ! ನಾಯಿಗೆ ಕೊಡೆ, ಬೆಕ್ಕಿಗೆ ಟೋಪಿ: ಎರಡು ಭಾಷೆಗಳ ನಡುವೆ ಬೆಳೆಯುವ ನಿಮಗಲ್ಲದೆ ಮತ್ತಾರಿಗೆ ಈ ತಮಾಷೆ ದಕ್ಕೀತು? ಪೋಳು, ಚಬೂತರೋ ಮುಂತಾದವನ್ನು ಹಾಗೆಯೇ ಇಡಿರಿ. ಆದರೆ ಬೆಕ್ಕಿನ ಚಲನೆಗೆ ಕನ್ನಡದಲ್ಲಿರುವ ಮಾತುಗಳನ್ನು ಬಿಡಬೇಡಿರಿ: ಹೊಂಚುವುದು, ನುಸುಳುವುದು, ಪರಚುವುದು, ಗುರುಗುಟ್ಟುವುದು, ಬೆನ್ನು ಸೆಟೆಸುವುದು.

ಅಭ್ಯಾಸ: ನಿಮ್ಮ ಬೀದಿಯ, ಚಾಳಿನ ಅಥವಾ ಸೊಸೈಟಿಯ ಒಂದು ಬೆಕ್ಕನ್ನು ಒಂದು ವಾರ ನೋಡಿರಿ. ಅದು ಎಲ್ಲಿ ಮಲಗುತ್ತದೆ, ಯಾರಿಗೆ ಹೆದರುತ್ತದೆ, ಯಾವ ಗೋಡೆಯನ್ನು ದಾಟುವುದಿಲ್ಲ ಎಂಬುದನ್ನು ಗುರುತು ಹಾಕಿಕೊಂಡು, ಬೆಕ್ಕಿನ ದಾರಿಯ ಒಂದು ನಕ್ಷೆ ಬರೆಯಿರಿ. ಆಮೇಲೆ ನಾಲ್ಕು ಪುಟ ಮೀರದಂತೆ ಅದರ ಒಂದು ರಾತ್ರಿಯ ಕಥೆಯನ್ನು ಬರೆದು ತನ್ನಿರಿ. ಹಾಲಿನ ಬಟ್ಟಲನ್ನು ಮಾತ್ರ ಕಥೆಯೊಳಕ್ಕೆ ತರಕೂಡದು.