ಇನ್ವರ್ಟರಿಗೂ ಸೆಖೆ!

ಮಕ್ಕಳೇ, ಬಿಸಿಲು ಹೆಚ್ಚಿದಷ್ಟೂ ಸೌರ ವಿದ್ಯುತ್ತು ಹೆಚ್ಚಬೇಕಲ್ಲವೆ? ಬೈರಾಪಟ್ಟಣದ ಕಡೆಯ ಒಂದು ಶಾಲೆಗೆ ಮಾರ್ಚಿ ತಿಂಗಳಲ್ಲಿ ಹೋಗಿದ್ದೆ. ಅಲ್ಲಿ ಬಿಸಿಯೂಟದ ತಟ್ಟೆ ತೊಳೆಯುವ ಹೊತ್ತಿಗೇ ಸೌರ ಮೋಟಾರು ಸೋಲುತ್ತಿತ್ತು. ಏಳನೇ ತರಗತಿಯ ಹುಡುಗಿಯೊಬ್ಬಳು, "ಸಾರ್, 11 ಗಂಟೆಗೆ ಜಾಸ್ತಿ ವಾಟ್ ತೋರಿಸುತ್ತೆ, ಮುಕ್ಕಾಲು ಎರಡಕ್ಕೆ ಕಡಿಮೆ, ಯಾಕೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಏಕೆಂದರೆ ಆ ಎರಡೂ ಹೊತ್ತಿನಲ್ಲಿ ಸೂರ್ಯ ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುತ್ತಾನೆ!

ಒಂದು ಕಾರಣ ಪ್ಯಾನೆಲ್. ಅದರ ಮೇಲೆ ಬರೆದಿರುವ ವಾಟ್, ಕೋಶಗಳು 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗಿನ ಲೆಕ್ಕ. ಸಿಲಿಕಾನ್ ಕೋಶ ಒಂದು ಡಿಗ್ರಿ ಹೆಚ್ಚು ಕಾದರೆ ಶೇಕಡ 0.4ರಷ್ಟು ಶಕ್ತಿ ಕುಗ್ಗುತ್ತದೆ. 60 ಡಿಗ್ರಿಗೆ ಕಾದರೆ ಎಷ್ಟು ನಷ್ಟ? ಲೆಕ್ಕ ಹಾಕಿ: ಶೇಕಡ 14.

ಇನ್ನೊಂದು ಕಾರಣ ಇನ್ವರ್ಟರ್. ಪ್ಯಾನೆಲಿನ ನೇರ ವಿದ್ಯುತ್ತನ್ನು ಅದು ಪರ್ಯಾಯ ವಿದ್ಯುತ್ತಾಗಿ ಬದಲಿಸುತ್ತದೆ. ಒಳಗೆ ಹೋದ 100 ಪಾಲಿನಲ್ಲಿ ಸುಮಾರು 97 ಹೊರಬರುತ್ತದೆ, 3 ಪಾಲು ಶಾಖವಾಗುತ್ತದೆ. 5 ಕಿಲೋವಾಟಿಗೆ ಅದು 150 ವಾಟ್. 60 ವಾಟಿನ ಹಳೆಯ ಬುರುಡೆ ಬಲ್ಬು ಎರಡೂವರೆ ಉರಿಸಿಟ್ಟ ಹಾಗೆ! ಬೆನ್ನಿನ ಅಲ್ಯೂಮಿನಿಯಂ ರೆಕ್ಕೆಗಳಿಂದ ಈ ಶಾಖವನ್ನು ಗಾಳಿ ಒಯ್ಯಬೇಕು. ಒಯ್ಯದಿದ್ದರೆ ಒಳಗಿನ ಭಾಗಗಳು ಸುಟ್ಟುಹೋಗದಂತೆ ಇನ್ವರ್ಟರ್ ತಾನೇ ಕೆಲಸ ಕಡಿಮೆ ಮಾಡುತ್ತದೆ. ಆ ಶಾಲೆಯಲ್ಲಿ ಕಳ್ಳರ ಭಯಕ್ಕೆ ಅದನ್ನು ತಗಡಿನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ್ದರು. ಪಾಪ, ಅದು ಬೆವರುವುದಾದರೂ ಹೇಗೆ?

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ತೆಳುಗಾಳಿ ಕಡಿಮೆ ಶಾಖ ಒಯ್ಯುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇಕಡ 30ರಷ್ಟು ಕಡಿಮೆ. ಆದರೆ ಅಲ್ಲಿನ ಚಳಿ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಚನ್ನಪಟ್ಟಣದ ಸೀಮೆ ಸುಮಾರು 750 ಮೀಟರ್. ಇಲ್ಲಿ ಕೊರತೆ ಶೇಕಡ 7 ಮಾತ್ರ. ಸಾಮಾನ್ಯವಾಗಿ ತಯಾರಕರು 1,000 ಅಥವಾ 2,000 ಮೀಟರ್ ದಾಟಿದ ಮೇಲಷ್ಟೇ ಸಾಮರ್ಥ್ಯ ಇಳಿಸಲು ಹೇಳುತ್ತಾರೆ. ನಮಗಾಗಲಿ, 2,050 ಮೆಗಾವಾಟಿನ ಪಾವಗಡ ಸೌರ ಪಾರ್ಕಿಗಾಗಲಿ ತೊಂದರೆ ಕೊಡುವುದು ಎತ್ತರವಲ್ಲ, ಸೆಖೆ.

ಆ ಪೆಟ್ಟಿಗೆಯ ತಗಡು ಬಿಚ್ಚಿಸಿ, ಕಬ್ಬಿಣದ ಜಾಲರಿ ಹಾಕಿಸಿ, ಮೇಲೊಂದು ತೆಂಗಿನ ಗರಿಯ ಚಪ್ಪರ ಕಟ್ಟಿಸಿದೆವು. ಬೀಗ ಹಾಗೆಯೇ ಉಳಿಯಿತು.

ಮಾಡಿ ನೋಡಿ: ನೆರಳಿನಲ್ಲಿ ಒಂದು, ಬಿಸಿಲಿನಲ್ಲಿಟ್ಟ ಮುಚ್ಚಿದ ತಗಡಿನ ಡಬ್ಬಿಯೊಳಗೆ ಒಂದು ಉಷ್ಣಮಾಪಕ ಇಡಿ. ಅರ್ಧ ಗಂಟೆಯ ನಂತರ ಎರಡನ್ನೂ ಓದಿ ಬರೆದುಕೊಳ್ಳಿ. ಇನ್ವರ್ಟರನ್ನು ಮಾತ್ರ ಮುಟ್ಟಬೇಡಿ; ಅದರ ತಂತಿಗಳಲ್ಲಿ ಅಪಾಯಕಾರಿ ವಿದ್ಯುತ್ತಿರುತ್ತದೆ.